ಬೇಲಿ ಸರಿಯಿತ್ತು, ಜಾಗ ತಪ್ಪಿತ್ತು: ಹಿಮ ಬೇಲಿ ಜೊತೆ ಎರಡು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ. ಹಿಮ ಬೇಲಿ ಅಂದರೆ ಗಾಳಿ ಹೊತ್ತು ತರುವ ಹಿಮ ದಾರಿ ಮುಚ್ಚದ ಹಾಗೆ ಬಯಲಲ್ಲಿ ನಿಲ್ಲಿಸುವ, ಸಂದುಗಳಿರುವ ಬೇಲಿ. ನಾನು ಮೂರು ಥರದ್ದು ಬಳಸಿದ್ದೇನೆ. ಕಿತ್ತಳೆ ಬಣ್ಣದ ತೆಳು ಪ್ಲಾಸ್ಟಿಕ್ ಜಾಲರಿ ಒಂದು. ಅಗಲ ಪಟ್ಟಿಯ ದಪ್ಪ ಪ್ಲಾಸ್ಟಿಕ್ ಜಾಲರಿ ಇನ್ನೊಂದು. ಮೂರನೆಯದು ತಂತಿಯಲ್ಲಿ ಹೆಣೆದ ಮರದ ದಬ್ಬೆ ಬೇಲಿ. ಮೂರಕ್ಕೂ ಕೆಳಗೆ ಅಂಕ ಕೊಟ್ಟಿದ್ದೇನೆ. ಆದರೆ ಯಾವುದನ್ನು ಕೊಂಡರೂ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೇ ಇಲ್ಲಿ ದೊಡ್ಡ ವಿಷಯ. ನನಗೆ ಅದು ಗೊತ್ತಾಗಿದ್ದು ಒಂದು ಇಡೀ ಚಳಿಗಾಲ ಸಲಿಕೆ ಹಿಡಿದ ಮೇಲೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಬಯಲು ಹೊಲದ ಅಂಚಿನಲ್ಲಿದೆ. ರಸ್ತೆಯಿಂದ ಮನೆವರೆಗೆ ಉದ್ದದ ಡ್ರೈವ್‌ವೇ. ಅದರಲ್ಲಿ ಸುಮಾರು 120 ಅಡಿಗೆ ಮರ, ಗಿಡ, ಗೋಡೆ, ಯಾವ ಮರೆಯೂ ಇಲ್ಲ. ವಾಯುವ್ಯದಿಂದ ಬೀಸುವ ಗಾಳಿ ಪೂರ್ತಿ ಹೊಲ ದಾಟಿಕೊಂಡು ನೇರ ಅಲ್ಲಿಗೇ ಬರುತ್ತದೆ. ನಾನು ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೊರಡಬೇಕು. ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಹದಿಮೂರು ವರ್ಷದ ಮಗ, ಇಬ್ಬರೇ. ಹಾಗಾಗಿ ದಾರಿ ತೆರವು ಮಾಡುವ ಕೆಲಸವೂ ನಮ್ಮಿಬ್ಬರದ್ದೇ.

ಒಂದು ವಿಷಯ ಬಿಡಿಸಿ ಹೇಳಬೇಕು. ನಮಗೆ ಕಾಟ ಕೊಡುತ್ತಿದ್ದದ್ದು ಆಕಾಶದಿಂದ ಬೀಳುವ ಹಿಮ ಅಲ್ಲ. ಅದು ಅರ್ಧ ಅಡಿ ಬಿದ್ದರೂ ಸ್ನೋಬ್ಲೋವರ್, ಅಂದರೆ ಹಿಮವನ್ನು ಪಕ್ಕಕ್ಕೆ ಎಸೆಯುವ ಯಂತ್ರ, ಹಿಡಿದು ತೆಗೆದುಬಿಡಬಹುದು. ತೊಂದರೆ ಶುರುವಾಗುವುದು ಹಿಮ ಬೀಳುವುದು ನಿಂತ ಮೇಲೆ. ಮೋಡ ಚದುರಿ, ಬಿಸಿಲು ಬಂದು, ಗಾಳಿ ಎದ್ದಾಗ. ಒಣ ಹಿಟ್ಟಿನ ಹಾಗಿರುವ ಹೊಸ ಹಿಮ ಗಂಟೆಗೆ 20–25 ಕಿಲೋಮೀಟರ್ ಗಾಳಿಗೇ ಜಾಗ ಬಿಟ್ಟು ಏಳುತ್ತದೆ. ನಾವು ದಾರಿ ಕ್ಲೀನ್ ಮಾಡಿ, ಒಳಗೆ ಬಂದು, ಕೈ ಬೆಚ್ಚಗೆ ಮಾಡಿಕೊಳ್ಳುವಷ್ಟರಲ್ಲಿ ಅದು ಮತ್ತೆ ಮುಚ್ಚಿಹೋಗಿರುತ್ತಿತ್ತು. ಹೀಗೆ ಗಾಳಿ ತಂದು ಹಾಕಿದ ಹಿಮ ಬಹಳ ಗಟ್ಟಿ. ಹರಳುಗಳು ದಾರಿಯುದ್ದಕ್ಕೂ ಉರುಳಿ, ಒಡೆದು, ಪುಡಿಯಾಗಿ, ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಸಲಿಕೆ ಹಾಕಿದರೆ ಟಕ್ ಅಂತ ಸದ್ದು ಬರುತ್ತದೆ. ಇಟ್ಟಿಗೆ ಕತ್ತರಿಸಿದ ಹಾಗೆ ಕತ್ತರಿಸಿ ತೆಗೆಯಬೇಕು.

ಮೊದಲ ವರ್ಷ ಕೊಂಡದ್ದು ತೆಳು ಕಿತ್ತಳೆ ಜಾಲರಿ. 4 ಅಡಿ ಎತ್ತರ, 100 ಅಡಿ ಉದ್ದದ ಒಂದು ಸುರುಳಿ. ರಸ್ತೆ ಕೆಲಸ ನಡೆಯುವ ಕಡೆ ಅಡ್ಡ ಕಟ್ಟಿರುತ್ತಾರಲ್ಲ, ಅಂಥದ್ದೇ. ಎಲ್ಲಿ ಹಾಕಬೇಕು ಅಂತ ಅಂಗಡಿಯಲ್ಲಿ ಕೇಳಿದೆ. ಡ್ರೈವ್‌ವೇ ಅಂಚಿಗೇ ಹಾಕಿ, ಹಿಮ ಅಲ್ಲೇ ನಿಲ್ಲುತ್ತದೆ ಅಂದರು. ಸುರುಳಿ ಜೊತೆಗಿದ್ದ ಚೀಟಿಯಲ್ಲಿ ಎಷ್ಟು ಅಡಿಗೊಂದು ಕಂಬ ನೆಡಬೇಕು ಅಂತ ಇತ್ತು. ದಾರಿಯಿಂದ ಬೇಲಿ ಎಷ್ಟು ದೂರ ಇರಬೇಕು ಅಂತ ಒಂದು ಸಾಲೂ ಇರಲಿಲ್ಲ. ಈ ಸಾಮಾನು ಮಾಡುವವರ ಮೇಲೆ, ಮಾರುವವರ ಮೇಲೆ ನನಗಿರುವ ಮುಖ್ಯ ದೂರು ಇದೇ. ಮಾತ್ರೆ ಕೊಟ್ಟು ಎಷ್ಟು ಹೊತ್ತಿಗೆ ನುಂಗಬೇಕು ಅಂತ ಹೇಳದೇ ಇದ್ದ ಹಾಗಾಯಿತು. ಆ ಒಂದು ಸಾಲು ಇದ್ದಿದ್ದರೆ ನನ್ನ ಒಂದು ಚಳಿಗಾಲ ಉಳಿಯುತ್ತಿತ್ತು.

ನಾವು ದಾರಿಯಿಂದ ಹತ್ತಡಿ ದೂರದಲ್ಲಿ ಬೇಲಿ ಕಟ್ಟಿದೆವು. ಮೊದಲ ದೊಡ್ಡ ಗಾಳಿ ಬಂದ ರಾತ್ರಿ ನಾನು ಸ್ವಲ್ಪ ನೆಮ್ಮದಿಯಿಂದಲೇ ಮಲಗಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಬಾಗಿಲು ತೆಗೆದು ಟಾರ್ಚ್ ಹಾಕಿದೆ. ಬೇಲಿ ನೆಟ್ಟಗೆ ನಿಂತಿತ್ತು. ಅದರ ಈಚೆಗೆ, ಸರಿಯಾಗಿ ಡ್ರೈವ್‌ವೇ ಮೇಲೆ, ಮೂರಡಿ ಎತ್ತರದ ಹಿಮದ ದಿಬ್ಬ ಉದ್ದಕ್ಕೂ ಮಲಗಿತ್ತು. ದಿಬ್ಬದ ನೆತ್ತಿ ದಾರಿಯ ನಟ್ಟ ನಡುವೆ. ಬೇಲಿ ಇಲ್ಲದ ವರ್ಷಗಳಲ್ಲಿ ಅಷ್ಟು ಎತ್ತರಕ್ಕೆ ನಾನು ನೋಡಿರಲಿಲ್ಲ. ಮಗ ಹಿಂದೆ ಬಂದು ನಿಂತು ನೋಡಿದ.

“ಅಮ್ಮಾ, ಬೇಲಿ ಹಾಕಿದ ಮೇಲೇನೇ ಹಿಮ ಜಾಸ್ತಿ ಆಯ್ತು, ಅಲ್ವಾ?”

ಅವನ ಮಾತು ನಿಜವಾಗಿತ್ತು. ಬೇಲಿಯನ್ನು ಹಿಂದಕ್ಕೆ ಸರಿಸೋಣ ಅಂದರೆ ಅಷ್ಟರಲ್ಲಿ ನೆಲ ಹೆಪ್ಪುಗಟ್ಟಿ ಕಂಬಗಳು ಕಲ್ಲಲ್ಲಿ ನೆಟ್ಟ ಹಾಗೆ ಕೂತಿದ್ದವು. ಕಿತ್ತರೂ ಬೇರೆ ಕಡೆ ಬಡಿಯಲು ಆಗುವುದಿಲ್ಲ. ಜನವರಿ ನಡುವಿನಲ್ಲಿ ಜಾಲರಿಯನ್ನು ಕಂಬಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಜಿಪ್ ಟೈಗಳನ್ನೆಲ್ಲ ಕತ್ತರಿಸಿ ಅದನ್ನು ಬಿಚ್ಚಿದೆ. ಬರೀ ಕಂಬಗಳು ಉಳಿದವು. ಮುಂದಿನ ಗಾಳಿಗೆ ದಾರಿ ಮೇಲೆ ಬಂದದ್ದು ಒಂದೂವರೆ ಅಡಿ. ಅಂದರೆ ಆ ಜಾಲರಿ ಸುಮ್ನೆ ನಿಂತಿರಲಿಲ್ಲ, ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಹಿಮವನ್ನು ಹಿಡಿದು ಬೀಳಿಸಿತ್ತು. ಬೀಳಿಸಿದ ಜಾಗ ಮಾತ್ರ ನನ್ನ ದಾರಿ. ಆಗಲೇ ನನಗೆ ಇದರ ಮೇಲೆ ಆಸೆ ಹುಟ್ಟಿದ್ದು.

ಅದಾದ ಮೇಲೆ ಒಂದು ಬೆಳಗ್ಗೆ ಟಾರ್ಚನ್ನು ನೆಲದ ಮೇಲೆ ಅಡ್ಡ ಇಟ್ಟು, ಗಾಳಿಗೆ ಬೆನ್ನು ಕೊಟ್ಟು, ಕುಕ್ಕರುಗಾಲಲ್ಲಿ ಕೂತು ನೋಡಿದೆ. ನಿಂತು ನೋಡಿದರೆ ಹಿಮ ಹೊಗೆ ಹರಿದ ಹಾಗೆ ಕಾಣುತ್ತದೆ. ಕೂತು ನೋಡಿದರೆ ಅದು ಹೊಗೆ ಅಲ್ಲ, ಒಂದೊಂದೇ ಕಾಳು. ಒಂದು ಕಾಳು ನೆಲಕ್ಕೆ ತಾಗಿ ಎರಡು ಬೆರಳೆತ್ತರ ಪುಟಿಯುತ್ತದೆ. ಗಾಳಿ ಅದನ್ನು ಮುಂದೆ ತಳ್ಳುತ್ತದೆ. ಅದು ಬಿದ್ದ ಕಡೆ ಇನ್ನೆರಡು ಕಾಳು ಏಳುತ್ತವೆ. ಬೆಳಕಿನ ಪಟ್ಟೆಯ ಉದ್ದಕ್ಕೂ ಹೀಗೆ ಸಾವಿರ, ಲಕ್ಷ. ಕೈಗವಸು ಹಾಕಿದ ಕೈಯನ್ನು ಪಾದದ ಮಟ್ಟಕ್ಕೆ ಇಳಿಸಿದರೆ ಚುರುಚುರು ಅಂತ ಬಡಿಯುತ್ತಿತ್ತು. ಸೊಂಟದ ಮಟ್ಟಕ್ಕೆ ಎತ್ತಿದರೆ ಅಲ್ಲೊಂದು ಇಲ್ಲೊಂದು ತಾಗುತ್ತಿತ್ತು, ಅಷ್ಟೇ. ಗಾಳಿ ಹೊತ್ತುಕೊಂಡು ಬರುವ ಹಿಮದಲ್ಲಿ ಬಹುಪಾಲು ನೆಲದಿಂದ ಒಂದು ಮೀಟರ್ ಒಳಗೇ ಸಾಗುತ್ತದೆ. ಬರೀ 4 ಅಡಿ ಬೇಲಿ ಇಷ್ಟೊಂದು ಹಿಮ ಹಿಡಿಯುವುದು ಅದಕ್ಕೇ.

ಹಾಗಾದರೆ ಬೇಲಿ ಮಾಡುವುದೇನು? ಹಿಮವನ್ನು ಅಡ್ಡಗಟ್ಟುವುದಲ್ಲ. ಗಾಳಿಯ ವೇಗ ಇಳಿಸುವುದು. ಹೊಳೆ ನೀರು ಜೋರಾಗಿ ಹರಿಯುವ ಕಡೆ ಮರಳು ಕೂರುವುದಿಲ್ಲ, ತಿರುವಿನಲ್ಲಿ ನೀರು ನಿಧಾನವಾದಾಗ ಕೂರುತ್ತದೆ. ಇಲ್ಲೂ ಹಾಗೇ. ಜಾಲರಿ ದಾಟಿದ ಗಾಳಿ ಸೊರಗುತ್ತದೆ, ಹೊತ್ತು ತಂದದ್ದನ್ನು ಮುಂದೆ ಇಳಿಸುತ್ತಾ ಹೋಗುತ್ತದೆ. ದಿಬ್ಬ ಏಳುವುದು ಮುಖ್ಯವಾಗಿ ಗಾಳಿ ಹೋಗುವ ಕಡೆ, ಅಂದರೆ ಬೇಲಿಯಿಂದ ಈಚೆಗೆ. ಗಾಳಿ ಬರುವ ಕಡೆಗೂ ಒಂದು ಚಿಕ್ಕ ದಿಬ್ಬ ಏಳುತ್ತದೆ. ಬೇಲಿಯಲ್ಲಿ ಅರ್ಧದಷ್ಟು ಸಂದು ಇದ್ದರೆ ಈಚೆಯ ದಿಬ್ಬ ಪೂರ್ತಿ ತುಂಬಿದಾಗ ಬೇಲಿ ಎತ್ತರದ ಸುಮಾರು 35 ಪಟ್ಟು ದೂರಕ್ಕೆ ಚಾಚಿಕೊಳ್ಳುತ್ತದೆ. ಸಂದೇ ಇಲ್ಲದ ಹಲಗೆ ಗೋಡೆ ಆದರೆ ದಿಬ್ಬ ಹತ್ತಿರದಲ್ಲೇ ಗಿಡ್ಡಕ್ಕೆ, ಕಡಿದಾಗಿ ಏಳುತ್ತದೆ, ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ ಬೇಲಿ ಇದ್ದೂ ಇಲ್ಲದ ಹಾಗೆ. ಗಾಳಿ ದಿಬ್ಬದ ಮೇಲೆ ಹತ್ತಿ ಸಲೀಸಾಗಿ ಮುಂದೆ ಹೋಗುತ್ತದೆ. ಹಾಗಾಗಿ ‘ತೂತು ಜಾಸ್ತಿ ಇದೆ, ಇದೇನು ತಡೆಯುತ್ತೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ತೂತೇ ಬೇಲಿಯ ಜೀವ.

ಇದನ್ನೆಲ್ಲ ಅಳೆದು ತೂಗಿ ತೋರಿಸಿದವರಲ್ಲಿ ದೊಡ್ಡ ಹೆಸರು ಹಾರುವ ಹಿಮದ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ರೊನಾಲ್ಡ್ ಟ್ಯಾಬ್ಲರ್. ಅಮೆರಿಕದ ವಯೋಮಿಂಗ್‌ನಲ್ಲಿ ಇಂಟರ್‌ಸ್ಟೇಟ್ 80 ಹೆದ್ದಾರಿಯ ಲಾರಮಿಯಿಂದ ಪಶ್ಚಿಮಕ್ಕೆ ಹೋಗುವ ಭಾಗ 1970ರಲ್ಲಿ ತೆರೆಯಿತು. ಮೊದಲ ಚಳಿಗಾಲದಲ್ಲೇ ಹಾರುವ ಹಿಮ ಅದನ್ನು ಪದೇ ಪದೇ ಮುಚ್ಚಿಸಿತು. 1971ರಿಂದ ಅಲ್ಲಿ ಆಳೆತ್ತರ ಮೀರಿದ ಮರದ ಬೇಲಿಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ಎಲ್ಲಿ, ಎಷ್ಟೆತ್ತರ, ರಸ್ತೆಯಿಂದ ಎಷ್ಟು ದೂರ ಅನ್ನುವ ಲೆಕ್ಕಕ್ಕೆ ಟ್ಯಾಬ್ಲರ್ ಅವರ ಅಳತೆಗಳು ಆಧಾರವಾದವು. ನಮ್ಮದು 4 ಅಡಿ ಬೇಲಿ, ಅವರದ್ದು ಹೆದ್ದಾರಿ ಬೇಲಿ. ಆದರೂ ಲೆಕ್ಕ ಒಂದೇ, ಯಾಕೆಂದರೆ ಎಲ್ಲವೂ ಬೇಲಿ ಎತ್ತರದ ಇಷ್ಟು ಪಟ್ಟು ಅಂತಲೇ ಇರುವುದು. ಇನ್ನೊಂದು ವಿಷಯ ನನಗೆ ತುಂಬ ಇಷ್ಟವಾಯಿತು. ಬೇಲಿ ಎತ್ತರ ಎರಡು ಪಟ್ಟಾದರೆ ಅದು ಹಿಡಿಯುವ ಹಿಮ ನಾಲ್ಕು ಪಟ್ಟಿಗಿಂತಲೂ ಜಾಸ್ತಿ ಆಗುತ್ತದೆ. ಗಿಡ್ಡ ಬೇಲಿ ಎರಡು ಸಾಲು ಹಾಕುವ ಬದಲು ಎತ್ತರದ್ದು ಒಂದೇ ಸಾಲು ಹಾಕುವುದು ಲಾಭ.

ಎರಡನೇ ವರ್ಷ ಸೆಪ್ಟೆಂಬರ್‌ನಲ್ಲೇ ಟೇಪು, ಗೂಟ, ದಾರ ಹಿಡಿದು ಹೊಲಕ್ಕಿಳಿದೆವು. ಜಾಲರಿ 4 ಅಡಿ, ಕೆಳಗೆ ಬಿಡುವ ಸಂದು ಅರ್ಧ ಅಡಿ, ಒಟ್ಟು ನಾಲ್ಕೂವರೆ. ಅದನ್ನು 35ರಿಂದ ಗುಣಿಸಿದರೆ 157 ಅಡಿ ಚಿಲ್ಲರೆ. ನಾನು 160 ಇಟ್ಟುಕೊಂಡೆ. ಆಮೇಲೆ ಉದ್ದ. ಕಾಪಾಡಬೇಕಾದ ದಾರಿ 120 ಅಡಿ ಇದೆ ಅಂತ ಬೇಲಿಯೂ 120 ಅಡಿ ಇದ್ದರೆ ಸಾಲದು. ಗಾಳಿ ದಿನಾ ಒಂದೇ ಕಡೆಯಿಂದ ಬರುವುದಿಲ್ಲ, ಸ್ವಲ್ಪ ಆಚೀಚೆ ಓರೆಯಾಗುತ್ತದೆ. ಬೇಲಿಯ ಎರಡೂ ತುದಿಯಲ್ಲಿ ಗಾಳಿ ಸುತ್ತಿಕೊಂಡು ಬರುವುದರಿಂದ ಅಲ್ಲಿ ಹಿಡಿತವೂ ಕಮ್ಮಿ. ಮುಖ್ಯ ಗಾಳಿಯ ಎರಡೂ ಪಕ್ಕಕ್ಕೆ 30 ಡಿಗ್ರಿ ಓರೆ ಹಿಡಿದು ಲೆಕ್ಕ ಹಾಕಿದರೆ, 160 ಅಡಿ ದೂರಕ್ಕೆ ಒಂದೊಂದು ಕಡೆ 90 ಅಡಿಗೂ ಸ್ವಲ್ಪ ಜಾಸ್ತಿ ಬೇಕು. ನಾನು 90ಕ್ಕೆ ನಿಲ್ಲಿಸಿದೆ. 120ಕ್ಕೆ 180 ಸೇರಿ 300 ಅಡಿ. ಮೊದಲ ವರ್ಷ ನಾನು ತಂದದ್ದು 100 ಅಡಿ. ಎಷ್ಟು ಅಂತರ ನೋಡಿ.

160 ಅಡಿ ಹಿಂದಕ್ಕೆ ಹೋದರೆ ಅದು ನಮ್ಮ ಜಾಗ ಅಲ್ಲ, ಪಕ್ಕದ ರೈತರ ಹೊಲ. ಅವರ ಮನೆಗೆ ಹೋಗಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿ ಕೇಳಿದೆ. ಫಸಲು ತೆಗೆದ ಮೇಲೆ ಹಾಕಬಹುದು, ಬಿತ್ತನೆಗೆ ಮುಂಚೆ ಒಂದು ಕಂಬವೂ ಉಳಿಯಬಾರದು ಅಂದರು. ನ್ಯಾಯವಾದ ಮಾತು. ಮಣ್ಣೊಳಗೆ ಉಳಿದ ಒಂದು ಕಬ್ಬಿಣದ ಕಂಬ ಅವರ ಯಂತ್ರವನ್ನೇ ಹಾಳುಮಾಡುತ್ತದೆ. ಕಂಬಗಳಿಗೆ ನಂಬರ್ ಬರೆದಿಟ್ಟೆ, ತೆಗೆಯುವಾಗ ಎಣಿಸಲು. ಕಂಬ ಬಡಿಯುವ ಮುಂಚೆ ನೆಲದೊಳಗೆ ಕೇಬಲ್, ಗ್ಯಾಸ್ ಪೈಪ್ ಇದೆಯಾ ಅಂತ ಗುರುತು ಮಾಡಿಸಿಕೊಂಡೆ. ಇದನ್ನು ಯಾರೂ ಬಿಡಬೇಡಿ.

ಕಂಬಕ್ಕೆ ಆರೂವರೆ ಅಡಿಯ ಕಬ್ಬಿಣದ ಟಿ-ಪೋಸ್ಟ್ ಬಳಸಿದೆವು. ಎರಡಡಿ ನೆಲದೊಳಗೆ, ನಾಲ್ಕೂವರೆ ಮೇಲೆ. ಎಂಟು ಅಡಿಗೊಂದು. ಎರಡೂ ಕೈಯಲ್ಲಿ ಹಿಡಿದು ಮೇಲಿಂದ ಕುಟ್ಟುವ ಭಾರದ ಕೊಳವೆ ಸಿಗುತ್ತದಲ್ಲ, ಅದನ್ನೇ ತನ್ನಿ. ಸುತ್ತಿಗೆಯಲ್ಲಿ ಬಡಿಯುವುದಕ್ಕಿಂತ ಸಾವಿರ ಪಾಲು ವಾಸಿ, ಕಂಬ ವಾಲುವುದೂ ಇಲ್ಲ. ದಾರ ಎಳೆದು ಸಾಲು ಹಿಡಿದು ಎರಡು ಶನಿವಾರ, ಒಂದು ಭಾನುವಾರ ಕೆಲಸ ಮಾಡಿದೆವು. ತುದಿ ಕಂಬಗಳಿಗೆ ಓರೆಯಾಗಿ ಒಂದೊಂದು ಊರುಗೋಲು ಕೊಟ್ಟೆವು. ಎಳೆತ ಎಲ್ಲ ಬಂದು ಬೀಳುವುದು ತುದಿ ಕಂಬದ ಮೇಲೇ. ನೆಲ ಹೆಪ್ಪುಗಟ್ಟುವ ಮುಂಚೆ, ಅಕ್ಟೋಬರ್ ಮುಗಿಯುವಷ್ಟರಲ್ಲಿ ಇದೆಲ್ಲ ಆಗಿಬಿಡಬೇಕು.

ಕೆಳಗಿನ ಸಂದಿನ ಬಗ್ಗೆ ಎರಡು ಮಾತು. ಬೇಲಿಯನ್ನು ನೆಲಕ್ಕೆ ತಾಗಿಸಿ ಕಟ್ಟಬಾರದು. ಎತ್ತರದ ಹತ್ತರಿಂದ ಹದಿನೈದು ಪರ್ಸೆಂಟ್ ಸಂದು ಬಿಡಬೇಕು, ಅಂದರೆ ನಮ್ಮ ಬೇಲಿಗೆ ಸುಮಾರು ಅರ್ಧ ಅಡಿ. ಆ ಸಂದಿನಲ್ಲಿ ಗಾಳಿ ನುಗ್ಗಿ ಬೇಲಿಯ ಬುಡವನ್ನು ಗುಡಿಸುತ್ತಾ ಇರುತ್ತದೆ. ಇಲ್ಲದಿದ್ದರೆ ಬೇಲಿಯೇ ಹಿಮದಲ್ಲಿ ಹೂತುಹೋಗುತ್ತದೆ. ಹೂತರೆ ಎತ್ತರ ಕಮ್ಮಿಯಾಗುತ್ತದೆ. ಮೇಲಾಗಿ, ಹಿಮ ಕುಸಿದು ಕೂರುವಾಗ ಜಾಲರಿಯನ್ನೂ ಕೆಳಗೆ ಎಳೆದು ಹರಿದುಹಾಕುತ್ತದೆ. ಮಗ ಆರು ಇಂಚಿನ ಒಂದು ಕಟ್ಟಿಗೆ ತುಂಡು ಕತ್ತರಿಸಿಕೊಂಡ. ಪ್ರತಿ ಕಂಬದ ಹತ್ತಿರ ಅದನ್ನು ಜಾಲರಿ ಕೆಳಗೆ ನಿಲ್ಲಿಸಿ, ನಾನು ತಂತಿ ಬಿಗಿಯುವವರೆಗೆ ಮೊಣಕಾಲೂರಿ ಹಿಡಿದುಕೊಂಡಿದ್ದ. ಕಡೆಯ ಕಂಬದವರೆಗೂ ಅದೇ ತುಂಡು. ಈಗಲೂ ಅದು ಶೆಡ್ಡಿನಲ್ಲಿ ಬೇಲಿ ಜೊತೆಯಲ್ಲೇ ಇದೆ.

ಇನ್ನು ಸಾಮಾನಿಗೆ ಬರೋಣ.

ತೆಳು ಕಿತ್ತಳೆ ಜಾಲರಿಗೆ ಐದಕ್ಕೆ ಎರಡು. ಹಗುರ, ಒಬ್ಬರೇ ಹೊತ್ತುಕೊಂಡು ಹೋಗಬಹುದು, ಕತ್ತರಿಯಲ್ಲಿ ಕತ್ತರಿಸಬಹುದು. ಅಷ್ಟೇ ಒಳ್ಳೆಯದು. ಎಷ್ಟು ಎಳೆದು ಕಟ್ಟಿದರೂ ಎರಡು ವಾರದಲ್ಲಿ ಜೋತುಬೀಳುತ್ತದೆ. ಮೊಟ್ಟೆಯಾಕಾರದ ಕಣ್ಣುಗಳು ಎಳೆತಕ್ಕೆ ಸೊಟ್ಟಗಾಗಿ ಸಂದಿನ ಅಳತೆಯೇ ಕೆಡುತ್ತದೆ. ಜೋರು ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುತ್ತದೆ, ಬಡಿದುಕೊಂಡ ಕಡೆ ಕಂಬದ ಅಂಚಿಗೆ ಸವೆದು ಹರಿಯುತ್ತದೆ. ಜೊತೆಗೆ ಬಂದಿದ್ದ ಬಿಳಿ ಜಿಪ್ ಟೈಗಳಂತೂ ಗಡಗಡ ಚಳಿಯಲ್ಲಿ ಒಣ ಕಡ್ಡಿ ಮುರಿದ ಹಾಗೆ ಟಪ್ ಟಪ್ ಅಂತ ಮುರಿದವು. ಒಂದೇ ರಾತ್ರಿಯಲ್ಲಿ ಹನ್ನೊಂದು ಎಣಿಸಿದ್ದೇನೆ. ತೋಟದ ಗಿಡಗಳಿಗೆ ಮರೆ ಕಟ್ಟಲು ಆದೀತು. ಬಯಲಿನ ಗಾಳಿಗೆ ಇದನ್ನು ನಂಬಬೇಡಿ.

ದಪ್ಪ ಜಾಲರಿಗೆ ಮೂರೂವರೆ. ಇದರಲ್ಲಿ ಅಡ್ಡ ಪಟ್ಟಿಗಳು ಎರಡು ಇಂಚಿನಷ್ಟು ಅಗಲ, ನಡುವೆ ಹೆಚ್ಚೂಕಮ್ಮಿ ಅಷ್ಟೇ ಸಂದು. ಬಿಸಿಲಿಗೆ ಬೇಗ ಕೆಡದ ಹಾಗೆ ಮಾಡಿದ ಪ್ಲಾಸ್ಟಿಕ್. ಒಂದು 100 ಅಡಿ ಸುರುಳಿ ತಂದಿದ್ದೆ. ಈ ಸಲ ಜಿಪ್ ಟೈ ನೆಚ್ಚಿಕೊಳ್ಳಲಿಲ್ಲ. ಜಾಲರಿಯನ್ನು ಗಾಳಿ ಬರುವ ಕಡೆ ಕಂಬಕ್ಕೆ ಒರಗಿಸಿ, ಅದರ ಮೇಲೆ ಉದ್ದಕ್ಕೆ ಒಂದು ಮರದ ರೀಪರ್ ಪಟ್ಟಿ ಇಟ್ಟು, ಮೂರನ್ನೂ ಸೇರಿಸಿ ಬೈಂಡಿಂಗ್ ವೈರ್‌ನಲ್ಲಿ ನಾಲ್ಕು ಕಡೆ ಬಿಗಿದೆವು. ಹೀಗೆ ಮಾಡಿದರೆ ಗಾಳಿಯ ಒತ್ತಡ ನಾಲ್ಕು ಚುಕ್ಕೆಯ ಮೇಲೆ ಬೀಳದೆ ಪೂರ್ತಿ ಪಟ್ಟಿಯ ಮೇಲೆ ಹಂಚಿಹೋಗುತ್ತದೆ. ಹರಿಯಲಿಲ್ಲ. ಆದರೆ ಜನವರಿ ಹೊತ್ತಿಗೆ ಎರಡು ಕಡೆ ಮೇಲಂಚು ಒಂದಡಿಯಷ್ಟು ಜೋತಿತ್ತು. ಅದರ ಪರಿಣಾಮ ಹಿಮದಲ್ಲೇ ಕಾಣುತ್ತಿತ್ತು: ಬೇಲಿ ಜೋತ ಕಡೆಗೆ ಸರಿಯಾಗಿ ದಿಬ್ಬದಲ್ಲೂ ಒಂದು ತಗ್ಗು. ಮೇಲಂಚಿಗೆ ಒಂದು ತಂತಿ ಎಳೆದು ಅದಕ್ಕೆ ಜಾಲರಿ ಕಟ್ಟಿದ್ದರೆ ಇದು ಆಗುತ್ತಿರಲಿಲ್ಲ. ನೀವು ಇದನ್ನು ಕೊಂಡರೆ ಮರೆಯದೆ ತಂತಿ ಎಳೆಯಿರಿ.

ಮರದ ದಬ್ಬೆ ಬೇಲಿಗೆ ನಾಲ್ಕೂವರೆ. ನನಗೆ ಇದೇ ಇಷ್ಟ. ಒಂದೂವರೆ ಇಂಚು ಅಗಲದ 4 ಅಡಿ ದಬ್ಬೆಗಳನ್ನು ಜೋಡಿ ತಂತಿಯ ಐದು ಸಾಲಿನಲ್ಲಿ ಹೆಣೆದಿರುತ್ತಾರೆ. ಪ್ರತಿ ದಬ್ಬೆಯ ಆಚೆ ಈಚೆ ತಂತಿ ಹೊಸೆದುಕೊಂಡಿರುತ್ತದೆ. ನಮ್ಮದಕ್ಕೆ ಕೆಂಗಂದು ಬಣ್ಣ ಬಳಿದಿತ್ತು. 50 ಅಡಿಯ ನಾಲ್ಕು ಸುರುಳಿ ತಂದೆ. ಸುರುಳಿ ಭಾರ, ಒಬ್ಬರ ಕೈಲಿ ಆಗುವುದಿಲ್ಲ. ನಾನು ಒಂದು ತುದಿ, ಮಗ ಒಂದು ತುದಿ ಹಿಡಿದು ಹೊಲದಲ್ಲಿ ಉರುಳಿಸಿಕೊಂಡು ಹೋದೆವು. ಬಿಚ್ಚುವಾಗ ಒಣ ಮರದ ವಾಸನೆ, ದಬ್ಬೆಗೆ ದಬ್ಬೆ ತಾಗಿ ಕಟಕಟ ಸದ್ದು. ಕೈಗವಸು ಇಲ್ಲದೆ ಮುಟ್ಟಬೇಡಿ, ಚೂರು ಚುಚ್ಚುತ್ತದೆ. ಒಮ್ಮೆ ಎಳೆದು ಕಟ್ಟಿದ ಮೇಲೆ ಇದು ಹಾಗೇ ಇರುತ್ತದೆ. ಪ್ಲಾಸ್ಟಿಕ್ ಹಾಗೆ ಎಳೆತಕ್ಕೆ ಉದ್ದವಾಗುವುದಿಲ್ಲ, ಜೋಲುವುದಿಲ್ಲ. ಗಾಳಿಗೆ ಬಡಿದುಕೊಳ್ಳುವುದಿಲ್ಲ. ಇಡೀ ಚಳಿಗಾಲದಲ್ಲಿ ಮುರಿದದ್ದು ಆರು ದಬ್ಬೆ. ಒಂದು ದಬ್ಬೆ ಮುರಿದರೆ ಪಕ್ಕದ್ದಕ್ಕೆ ಏನೂ ಆಗುವುದಿಲ್ಲ. ಆ ಜಾಗಕ್ಕೆ ಇನ್ನೊಂದು ತೂರಿಸಿ ತಂತಿ ಹೊಸೆದರೆ ಆಯಿತು. ಪ್ಲಾಸ್ಟಿಕ್ ಒಂದು ಕಡೆ ಹರಿದರೆ ಹರಿಯುತ್ತಲೇ ಹೋಗುತ್ತದೆ ಅಲ್ವಾ? ಅರ್ಧ ಅಂಕ ಕಡಿಮೆ ಕೊಟ್ಟಿರುವುದು ಎರಡು ಕಾರಣಕ್ಕೆ. ಒಂದು, ಭಾರ. ಇನ್ನೊಂದು, ಒಂದು ಸುರುಳಿಯಲ್ಲಿ ದಬ್ಬೆಗಳ ನಡುವಿನ ಸಂದು ಒಂದೇ ಸಮ ಇರಲಿಲ್ಲ, ಕೊನೆಯ ಹತ್ತಡಿಯಲ್ಲಿ ಬಹಳ ಅಗಲವಾಗಿತ್ತು. ಅಂಗಡಿಯಲ್ಲೇ ಸುರುಳಿಯ ಎರಡೂ ಅಂಚು ಬಿಚ್ಚಿ ನೋಡಿ ತನ್ನಿ.

ಫಲಿತಾಂಶ ಹೇಳುತ್ತೇನೆ. ಬೇಲಿಯಿಂದ ದಾರಿವರೆಗೆ 20 ಅಡಿಗೊಂದು ಗೂಟ ನೆಟ್ಟು, ಪ್ರತಿ ಅಡಿಗೆ ಕೆಂಪು ಟೇಪು ಸುತ್ತಿದ್ದೆವು. ಭಾನುವಾರ ಮಧ್ಯಾಹ್ನ ಮಗ ಹೋಗಿ ಓದಿಕೊಂಡು ಬರುತ್ತಿದ್ದ. ಡಿಸೆಂಬರ್ ನಡುವಿಗೆ ದಿಬ್ಬ ಎರಡಡಿ ಎತ್ತರ, ತುದಿ ಬೇಲಿಯಿಂದ 50 ಅಡಿ. ಜನವರಿ ಕೊನೆಗೆ ನೆತ್ತಿ ನಾಲ್ಕಡಿ, ತುದಿ 110 ಅಡಿ. ಫೆಬ್ರವರಿ ಮುಗಿಯುವಾಗ ತುದಿ 130 ಅಡಿಗೆ ಬಂದು ನಿಂತಿತ್ತು. 160 ಅಡಿಯಲ್ಲಿರುವ ದಾರಿಗೆ ಅದು ಬರಲೇ ಇಲ್ಲ. ಅಷ್ಟೂ ಹಿಮ ಮುಂಚೆ ನಮ್ಮ ದಾರಿಗೇ ಬರುತ್ತಿತ್ತಲ್ಲ ಅಂತ ಆ ದಿಬ್ಬದ ಪಕ್ಕ ನಿಂತು ನೋಡುವಾಗ ಮೈ ಜುಮ್ಮೆಂದಿತು.

ಆ ಚಳಿಗಾಲದಲ್ಲಿ ಗಾಳಿಯ ಹಿಮಕ್ಕಾಗಿ ನಾನು ಬೆಳಗಿನ ಜಾವ ಸಲಿಕೆ ಹಿಡಿದದ್ದು ಮೂರೇ ಸಲ. ಅದರಲ್ಲಿ ಎರಡು ಸಲ ದಾರಿಯ ಒಂದು ತುದಿಯಲ್ಲಿ ಮಾತ್ರ, ಬೇಲಿ ಮುಗಿಯುವ ಕಡೆಯಿಂದ ಸುತ್ತಿಕೊಂಡು ಬಂದದ್ದು. ಮೂರನೆಯದು ಫೆಬ್ರವರಿಯಲ್ಲಿ, ಗಾಳಿ ತಿರುಗಿ ಆಗ್ನೇಯದಿಂದ ಬೀಸಿದಾಗ. ಆವತ್ತು ಬೇಲಿ ದಾರಿಯ ಆ ಕಡೆ, ಗಾಳಿ ಈ ಕಡೆ. ಎರಡಡಿ ತುಂಬಿತು. ದಾರಿಯಿಂದ ಗಾಳಿ ಬರುವ ಕಡೆಗೆ ನಿಂತಿದ್ದರೆ ಮಾತ್ರ ಬೇಲಿ ಕೆಲಸ ಮಾಡುತ್ತದೆ, ಇದನ್ನು ತಿಳಿದೇ ಕೊಳ್ಳಬೇಕು. ನಿಮ್ಮ ಜಾಗದಲ್ಲಿ ಗಾಳಿ ಎರಡು ಮೂರು ದಿಕ್ಕಿನಿಂದ ಸಮನಾಗಿ ಬರುವುದಾದರೆ ಒಂದು ಸಾಲಿನಿಂದ ದೊಡ್ಡ ಉಪಯೋಗ ಆಗದು. ದಿಕ್ಕು ಖಚಿತ ಇಲ್ಲದಿದ್ದರೆ ಒಂದು ಚಳಿಗಾಲ ಕಾದು, ಹುಲ್ಲಿನ ಬುಡ, ಕಂಬಗಳ ಹಿಂದೆ ಹಿಮ ಯಾವ ಕಡೆಗೆ ಬಾಲದ ಹಾಗೆ ಚಾಚಿದೆ ನೋಡಿ ಗುರುತು ಹಾಕಿಕೊಳ್ಳಿ. ಆ ಬಾಲ ಗಾಳಿಯ ದಿಕ್ಕನ್ನು ಸರಿಯಾಗಿ ತೋರಿಸುತ್ತದೆ.

ಇನ್ನೊಂದು ತೊಂದರೆ ವಸಂತದಲ್ಲಿ ಕಾಣುತ್ತದೆ. ಹೊಲದ ಉಳಿದ ಹಿಮ ಎಲ್ಲ ಕರಗಿ ಮಣ್ಣು ಕಾಣುವಾಗ ನಮ್ಮ ದಿಬ್ಬ ಮಾತ್ರ ಬಿಳಿ ಪಟ್ಟಿಯಾಗಿ ಮಲಗಿತ್ತು. ಮೂರು ವಾರ ಜಾಸ್ತಿ ಉಳಿಯಿತು. ಅದರ ಕೆಳಗಿನ ಮಣ್ಣು ಬೇಗ ಒಣಗುವುದಿಲ್ಲ, ಬಿತ್ತನೆ ತಡವಾಗುತ್ತದೆ. ಇದನ್ನು ನಾನು ಹೊಲದವರಿಗೆ ಮೊದಲೇ ಹೇಳಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಆ ಪಟ್ಟಿಯಲ್ಲಿ ಕಡೆಗೆ ಬಿತ್ತುತ್ತೇನೆ, ಒಣ ಬೇಸಿಗೆ ಬಂದರೆ ಆ ತೇವ ಬೇಕಾಗುತ್ತದೆ ಅಂದರು. ದೊಡ್ಡ ಮನಸ್ಸು. ಆದರೆ ಎಲ್ಲರೂ ಹಾಗೆ ಹೇಳಲಾರರು, ಮೊದಲೇ ಮಾತಾಡಿಕೊಳ್ಳಿ. ಕರಗಿದ ನೀರು ಯಾವ ಕಡೆ ಇಳಿಜಾರು ಹಿಡಿಯುತ್ತದೆ ಅಂತಲೂ ನೋಡಿಕೊಳ್ಳಿ. ಮನೆ ಕಡೆಗೆ ಇಳಿಜಾರಿದ್ದರೆ ಒಂದು ಚಿಕ್ಕ ಕಾಲುವೆ ತೆಗೆಯಬೇಕಾದೀತು.

ಏಪ್ರಿಲ್‌ನಲ್ಲಿ ಎಲ್ಲ ಬಿಚ್ಚಿದೆವು. ಕಂಬಗಳನ್ನು ನಂಬರ್ ಪ್ರಕಾರ ಎಣಿಸಿ ಲೆಕ್ಕ ಒಪ್ಪಿಸಿದೆವು. ಮರದ ಸುರುಳಿಗಳನ್ನು ಒಂದು ದಿನ ಬಿಸಿಲಿಗೆ ಹರಡಿ ಒಣಗಿಸಿ, ಸುತ್ತಿ, ನೆಲಕ್ಕೆ ತಾಗದ ಹಾಗೆ ಎರಡು ತೊಲೆ ಮೇಲೆ ಇಟ್ಟಿದ್ದೇನೆ. ದಪ್ಪ ಪ್ಲಾಸ್ಟಿಕ್ ಸುರುಳಿಯನ್ನು ತಿರುಚದೆ ಸಡಿಲವಾಗಿ ಸುತ್ತಿದ್ದೇನೆ. ತೆಳು ಜಾಲರಿಯಲ್ಲಿ ಚೆನ್ನಾಗಿ ಉಳಿದಿದ್ದ ತುಂಡು ತೋಟಕ್ಕೆ ಹೋಯಿತು.

ಈ ಸಲಕ್ಕೆ ಇನ್ನೂ ಎರಡು ಸುರುಳಿ ಮರದ ಬೇಲಿ ತಂದಾಗಿದೆ. ಒಟ್ಟು ಆರು, 300 ಅಡಿಯೂ ಮರವೇ ಆಗುತ್ತದೆ. ದಪ್ಪ ಪ್ಲಾಸ್ಟಿಕ್ ಅನ್ನು ಮೇಲಂಚಿಗೆ ತಂತಿ ಎಳೆದು, ಹಿಮ ಸುತ್ತಿಕೊಂಡು ಬಂದ ಆ ತುದಿಗೆ ಮುಂದುವರಿಸುತ್ತೇವೆ. ಅಲ್ಲಿಗೆ ಎಷ್ಟು ಅಡಿ ಸಾಕು ಅಂತ ಮಗ ಗೂಟ ಹಿಡಿದು ಅಳೆದು ಬಂದಿದ್ದಾನೆ. ಅವನ ಲೆಕ್ಕದಲ್ಲಿ ಎಪ್ಪತ್ತು. ಸುರುಳಿ ನೂರಡಿ ಇದೆ. ಪೂರ್ತಿ ಹಾಕಿಬಿಡೋಣ ಅಂದಿದ್ದೇನೆ.